ಓಬಮ್ಮನ ಚಿಪ್ಪಿನ ಸೋಪು

ಲಕ್ಕಯ್ಯ ಮರ ಹತ್ತುತ್ತಿದ್ದ ಕಾಲದಲ್ಲಿ ಕಿಬ್ಬನಹಳ್ಳಿಯಿಂದ ತಿಪಟೂರಿಗೆ ನೆಲಕ್ಕೆ ಕಾಲಿಡದೆ, ತೆಂಗಿನ ಮರದಿಂದ ಮರಕ್ಕೆ ಗರಿ ಹಿಡಿದುಕೊಂಡೇ ಹೋಗಿ ಸಂತೆ ಮಾಡಿಕೊಂಡು ಬರುತ್ತಿದ್ದ. ನಂಬದಿದ್ದರೆ ಬಿಡಿ. ಒಂದು ಸಲ ಹಾಗೆ ಹೋಗುವಾಗ ಮರದ ಸುಳಿಯಲ್ಲಿ ಗೂಡು ಕಟ್ಟಿದ್ದ ಹದ್ದೊಂದು ಇವನನ್ನು ನೆಂಟ ಅಂದುಕೊಂಡು, ಮರಿಗಳನ್ನು ನೋಡಿಕೊಂಡಿರು ಅಂತ ಬಿಟ್ಟು ಮೇವಿಗೆ ಹೋಗಿತ್ತಂತೆ. ಇದನ್ನು ನನಗೆ ಹೇಳಿದವನು ಲಕ್ಕಯ್ಯನೇ. ಅರ್ಧ ಕಳೆದು ನಂಬಿದರೂ ಸಾಕು.

ಅಂಥವನು ಬಿದ್ದದ್ದು ಎತ್ತರದ ಮರದಿಂದಲ್ಲ. ಅವನ ಹಿತ್ತಿಲಿನ ಗಿಡ್ಡ ಮರದಿಂದ, ಮಳೆ ನಿಂತ ಮಧ್ಯಾಹ್ನ, ಒಂದೇ ಒಂದು ಎಳನೀರು ಕೀಳಲು ಹೋಗಿ. ಬಿದ್ದವನು ಎದ್ದು ಕೂರಲಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಿದೆವು. ಕೊನೆಗೆ ಗಾಡಿಯಲ್ಲಿ ಹುಲ್ಲು ಹಾಸಿ ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದೆವು. ಸೊಂಟದಿಂದ ಕೆಳಗಿನ ದೇಹ ಅವನದಾಗಿರಲಿಲ್ಲ. ಚಿವುಟಿದರೂ ಗೊತ್ತಿಲ್ಲ, ಒದ್ದೆಯಾದರೂ ಗೊತ್ತಿಲ್ಲ.

ಆದರೆ ನಾನು ಹೇಳಹೊರಟದ್ದು ಲಕ್ಕಯ್ಯನ ವಿಷಯವಲ್ಲ, ಅವನ ಹೆಂಡತಿ ಓಬಮ್ಮನದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಕತ್ತಾಳೆ ಬೇಲಿ. ಬೆಳಗಾದರೆ ಬೇಲಿಯಾಚೆ ಬಟ್ಟೆ ಒಗೆಯುವ ಸದ್ದು. ನಮ್ಮ ಕೋಳಿಗಳು ಕೂಗುವುದನ್ನೇ ಬಿಟ್ಟವು. ಓಬಮ್ಮ ಕಲ್ಲಿನ ಮೇಲೆ ಬಟ್ಟೆ ಬಡಿದ ಮೇಲೆ ತಾವು ಕೂಗಿ ಏನು ಉಪಯೋಗ ಅಂತ. ಹಳೆ ಸೀರೆ, ಹಳೆ ಪಂಚೆ, ಹರಿದ ದುಪ್ಪಟಿ, ಎಲ್ಲಾ ಲಕ್ಕಯ್ಯನ ಅಡಿಗೆ ಹಾಸುವ ಬಟ್ಟೆ. ಬೆಳಿಗ್ಗೆ ಒಗೆದು ಹರವಿದರೆ ಮಧ್ಯಾಹ್ನಕ್ಕೆ ಮತ್ತೊಂದು ಮೂಟೆ. ಅದು ಒಣಗುವಷ್ಟರಲ್ಲಿ ಇನ್ನೊಂದು. ನಾನು ಆ ಮನೆಯ ಅಂಗಳದಲ್ಲಿ ಹಗ್ಗ ಖಾಲಿ ಇದ್ದದ್ದನ್ನು ನೋಡಿದವನೇ ಅಲ್ಲ.

ಎಂಬತ್ತರ ಇಸವಿಯ ಆಸುಪಾಸಿನ ಮಾತು. ಊರಿಗೆ ಹೊಸದಾಗಿ ಬೋರ್‌ವೆಲ್ ಕೊರೆದು ಕೈಪಂಪು ನಿಲ್ಲಿಸಿದ್ದರು. ಕೆರೆಗೆ ನಡೆಯುವುದು ತಪ್ಪಿತು ಅಂತ ಹೆಂಗಸರೆಲ್ಲ ಪಂಪಿಗೆ ಕುಂಕುಮ ಇಟ್ಟರು. ಆಮೇಲೆ ಗೊತ್ತಾಯಿತು, ಆ ನೀರು ಗಡಸು. ಬೇಳೆ ಬೇಯದು, ಸೋಪು ನೊರೆ ಬರದು. ಅಂಗಡಿಯ ಬಾರ್ ಸೋಪು ಎಷ್ಟು ತಿಕ್ಕಿದರೂ ಬಟ್ಟೆಗೆ ಬಿಳಿ ಜಿಡ್ಡು ಮೆತ್ತಿಕೊಳ್ಳುತ್ತಿತ್ತೇ ಹೊರತು ಕೊಳೆ ಬಿಡುತ್ತಿರಲಿಲ್ಲ. ಒಣಗಿದ ಮೇಲೆ ಆ ಪಂಚೆಯನ್ನು ಗೋಡೆಗೆ ಒರಗಿಸಿದರೆ ಒರಗಿಕೊಂಡೇ ನಿಲ್ಲುತ್ತಿತ್ತು. ಒಣಗಿದ ತೆಂಗಿನ ಸೋಗೆಯ ಹಾಗೆ.

ಆ ಸೋಗೆಯ ಮೇಲೆ ಮಲಗಿ ಲಕ್ಕಯ್ಯನ ಬೆನ್ನಿನ ಕೆಳಗೆ ಹುಣ್ಣಾಯಿತು.

ಡಾಕ್ಟರು ಬಂದು ನೋಡಿದರು. ಮಗ್ಗುಲು ಬದಲಿಸುತ್ತಾ ಇರಿ, ಬಟ್ಟೆ ಒಣಗಿರಬೇಕು, ಶುದ್ಧವಾಗಿರಬೇಕು, ಮೆತ್ತಗಿರಬೇಕು ಅಂದರು. ಅಂಗಳಕ್ಕೆ ಬಂದ ಮೇಲೆ ದನಿ ಇಳಿಸಿ, ಹುಣ್ಣು ಮೂಳೆಗೆ ಇಳಿದರೆ ಆಳು ಉಳಿಯುವುದಿಲ್ಲ ಅಂತಲೂ ಹೇಳಿದರು. ಓಬಮ್ಮ ತಲೆ ಆಡಿಸಿದಳು. ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕಾಗುತ್ತದೆ.

ಮಗ್ಗುಲು ಬದಲಿಸಲು ನಾನು ಹೋಗುತ್ತಿದ್ದೆ. ಅವಳು ಕಾಲಿನ ಕಡೆ, ನಾನು ಹೆಗಲಿನ ಕಡೆ.

"ನಿಧಾನ ಕಣ್ಲಾ ದೊಡ್ಡರಂಗ, ಕೊಬ್ರಿ ಮೂಟೆ ಅಂದ್ಕಂಡಿದೀಯಾ?" ಅನ್ನುತ್ತಿದ್ದ ಲಕ್ಕಯ್ಯ.

"ಕೊಬ್ರಿ ಮೂಟೆ ಆಗಿದ್ರೆ ಇಷ್ಟೊತ್ಗೆ ತಿಪಟೂರ್ಗೆ ಸಾಗಾಕ್ಬುಡ್ತಿದ್ದೆ. ನಿನ್ ಯಾವನ್ ತಗಂತಾನ್ಲಾ?"

ಓಬಮ್ಮ ನಗುತ್ತಿರಲಿಲ್ಲ. ಅವಳ ಕಣ್ಣು ಹುಣ್ಣಿನ ಮೇಲೆಯೇ.

ಕಿಬ್ಬನಹಳ್ಳಿ ರಸ್ತೆಯಲ್ಲಿ ಎಣ್ಣೆ ಮಿಲ್ಲು ನಡೆಸುತ್ತಿದ್ದ ಶಂಭುಲಿಂಗಯ್ಯ ತನ್ನ ಜಿಡ್ಡು ಬಟ್ಟೆಗೆ ತಾನೇ ಸೋಪು ಬೇಯಿಸಿಕೊಳ್ಳುತ್ತಿದ್ದ. ಓಬಮ್ಮ ಅವನನ್ನು ಕೇಳಿದಳು. ಕೊಬ್ಬರಿ ಎಣ್ಣೆ ಸೋಪು ಎಂಥ ಗಡಸು ನೀರಲ್ಲೂ ನೊರೆ ಬರುತ್ತೆ ಅಂತ ಅವನು ಹೇಳಿದ, ಎಣ್ಣೆಗೆ ಇಷ್ಟು ಕಾಸ್ಟಿಕ್ ಸೋಡ ಅಂತ ಅಳತೆಯನ್ನೂ ಹೇಳಿಕೊಟ್ಟ. "ಒಂದೇ ಮಾತು ಕಣಮ್ಮಾ. ಮಾಡಿದ್ ತಕ್ಷಣ ಮುಟ್ಬ್ಯಾಡ. ಕಾಸ್ಟಿಕ್ಕಿನ ಬಿಸಿ ಸಾಯ್ಬೇಕು. ಒಂದ್ ತಿಂಗ್ಳಾದ್ರೂ ಇಕ್ಕು," ಅಂದ.

ಕೊಬ್ಬರಿಗೇನು ಬರವೇ? ಅವಳ ಮನೆಯ ಅಟ್ಟದಲ್ಲಿ ಕೌಟು ವಾಸನೆ ಹಿಡಿದು ಮಾರಲು ಬಾರದ್ದು ಬೇಕಾದಷ್ಟಿತ್ತು. ಅದನ್ನು ಗಾಣಕ್ಕೆ ಹಾಕಿಸಿ ಎಣ್ಣೆ ತಂದಳು. ಕಾಸ್ಟಿಕ್ ಸೋಡ ತಂದಳು. ಹಿತ್ತಿಲಲ್ಲಿ ಕಬ್ಬಿಣದ ಬಕೆಟ್ಟಿನ ನೀರಿಗೆ ಸೋಡ ಸುರಿದಾಗ ಒಲೆಯೇ ಇಲ್ಲದೆ ನೀರು ಹೊಗೆಯಾಡಿತು. "ಬೆಂಕಿ ಇಲ್ದೆ ಕುದೀತೈತಲ್ಲೇ, ಇದ್ರಾಗೇ ಮುದ್ದೆ ತಿರುವ್ಬುಡು," ಅಂದೆ. "ದೂರ ನಿಂತ್ಕ ಬಾವ, ಮುಖಕ್ಕೆ ಎಗ್ರೀತು," ಅಂದಳು. ಹಳೆ ಮುದ್ದೆ ಕೋಲಿನಿಂದ ಎಣ್ಣೆಯನ್ನೂ ಆ ನೀರನ್ನೂ ತಿರುವುತ್ತಾ ಕೂತಳು. ತಿರುವುತ್ತಾ ತಿರುವುತ್ತಾ ಅಲ್ಲೇ ತೂಕಡಿಸಿದಳು. ಕೈ ಮಾತ್ರ ನಿಲ್ಲಲಿಲ್ಲ. ನಿದ್ದೆಯಲ್ಲೂ ಕೆಲಸ ಮಾಡುವವರನ್ನು ನಾನು ನೋಡಿದ್ದು ಅದೇ ಮೊದಲು. ಸುಳ್ಳಲ್ಲ, ಇದೊಂದು ನಿಜ.

ಅಂಬಲಿಯಷ್ಟು ಗಟ್ಟಿಯಾದಾಗ ಅಚ್ಚು ಬೇಕಾಯಿತು. ನಮ್ಮ ಊರಲ್ಲಿ ಅಚ್ಚು ಹುಡುಕಿಕೊಂಡು ಹೋಗಬೇಕೆ? ತೆಂಗಿನ ಚಿಪ್ಪುಗಳನ್ನು ಸಾಲಾಗಿ ಜೋಡಿಸಿ ಅದರೊಳಕ್ಕೆ ಹುಯ್ದಳು. ಮಾರನೆಯ ದಿನ ಒಂದನ್ನು ತಟ್ಟಿ ತೆಗೆದರೆ, ಅರೆ ಹೋಳು ಕೊಬ್ಬರಿ ಗಿಟುಕು! ಅದೇ ಬಿಳುಪು, ಅದೇ ಗುಂಡು, ಎಣ್ಣೆಯ ಅದೇ ವಾಸನೆ. ಮದುವೆ ಮನೆಯಲ್ಲಿಟ್ಟರೆ ಮಡಿಲಕ್ಕಿಗೆ ಹಾಕಿಬಿಡುತ್ತಾರೆ ಅಂತ ನಗಾಡಿದೆ.

ಒಂದು ತಿಂಗಳು ಇಡಬೇಕಿತ್ತು. ಆದರೆ ಆ ವಾರವೇ ಹುಣ್ಣು ಅಗಲವಾಯಿತು, ವಾಸನೆ ಬಂತು. ಕಾಯುವುದಕ್ಕೆ ಓಬಮ್ಮನ ಕೈಯಲ್ಲಿ ಆಗಲಿಲ್ಲ. ಹಸಿ ಸೋಪಿನಲ್ಲೇ ಒಗೆದಳು. ಅಬ್ಬಾ, ಆ ನೊರೆಯೇ! ಬಟ್ಟೆ ಮಲ್ಲಿಗೆ ಹೂವಾಯಿತು. ಅವಳ ಅಂಗೈ ಸುಲಿದು ಹೋದದ್ದನ್ನು ಅವಳು ಯಾರಿಗೂ ತೋರಿಸಲಿಲ್ಲ.

ಎರಡು ದಿನ ಕಳೆದು ಲಕ್ಕಯ್ಯನನ್ನು ಹೊರಳಿಸಿದಾಗ ಹುಣ್ಣಿನ ಸುತ್ತ ಚರ್ಮ ಕೆಂಪಾಗಿ ಬೆಂದ ಹಾಗೆ ಎದ್ದಿತ್ತು. ಬಟ್ಟೆಯಲ್ಲಿ ಉಳಿದಿದ್ದ ಕಾಸ್ಟಿಕ್ಕು ಸುಟ್ಟಿತ್ತು.

"ಏನೇ ಓಬಿ, ಯಾಕೆ ಸುಮ್ಕಾದೆ?" ಅಂದ ಲಕ್ಕಯ್ಯ ಆ ಕಡೆ ಮುಖ ಮಾಡಿಕೊಂಡು.

"ಏನಿಲ್ಲ, ಮನೀಕ್ಕ," ಅಂದಳು.

ಹೊರಗೆ ಬಂದು ಜಗಲಿಯ ಮೇಲೆ ಕುಸಿದು ಕೂತಳು. "ಉರೀತಾ ಅಂತ ಕೇಳಂಗೂ ಇಲ್ಲ, ಬಾವ. ಅವ್ನಿಗೇ ಗೊತ್ತಾಗಲ್ಲ. ಅವನ್ ಉರೀನೂ ನಾನೇ ಕಣ್ಣಾಗ್ ನೋಡಿ ತಿಳ್ಕಬೇಕು. ಅಷ್ಟ್ರಾಗೆ ಸುಟ್ಟೋಗಿರ್ತೈತೆ."

ನಾನು ಹೋಗಿ ಪಂಪಿನಿಂದ ಒಂದು ಕೊಡ ನೀರು ಹೊತ್ತು ತಂದು ಒಗೆಯುವ ಕಲ್ಲಿನ ಪಕ್ಕ ಇಟ್ಟೆ.

ಉಳಿದ ಸೋಪನ್ನೆಲ್ಲ ಚಿಪ್ಪಿನ ಸಮೇತ ಅಟ್ಟಕ್ಕೆ ಏರಿಸಿದಳು. ನಮ್ಮ ಕಡೆ ಅಟ್ಟ ಅಂದರೆ ಕಾಯಿ ಕೊಬ್ಬರಿಯಾಗುವ ಜಾಗ. ಒಲೆಯ ಹೊಗೆ ಕುಡಿದುಕೊಂಡು ಕಾಯಿ ಅಲ್ಲಿ ಸುಮಾರು ಒಂದು ವರ್ಷ ಕೂತಿರುತ್ತದೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಉರುಳಿದ ಮೇಲೇ ಅದಕ್ಕೆ ಕೆಳಗಿಳಿಯುವ ಯೋಗ. ಕಾಯಿಗೆ ವರ್ಷಗಟ್ಟಲೆ ಕಾಯುವ ನಾವು ಸೋಪಿಗೆ ಒಂದು ತಿಂಗಳು ಕಾಯಲಾರದೆ ಹೋದೆವು. ಅವಳು ಏಣಿ ಇಳಿದು ಮತ್ತೆ ಒಗೆಯುವ ಕಲ್ಲಿಗೆ ಹೋದಳು.

ಅಂಟುವಾಳದ ಕಾಯಿ ನೆನೆಸಿ ಅದರಲ್ಲಿ ಒಗೆದಳು. ಚರ್ಮ ಸುಡಲಿಲ್ಲ, ಆದರೆ ಕಲೆಯೂ ವಾಸನೆಯೂ ಪೂರಾ ಹೋಗಲಿಲ್ಲ. ಬಟ್ಟೆ ಮೆತ್ತಗಾಗಲು ಒಂದು ಉಪಾಯ ಸಿಕ್ಕಿದ್ದು ಅವಳ ಕಾಲಬುಡದಲ್ಲೇ. ತೆಂಗಿನಕಾಯಿ ಒಡೆದು ಕೊಬ್ಬರಿ ಪುಡಿ ಮಾಡುವ ಶೆಡ್ಡೊಂದು ರಸ್ತೆ ಬದಿಯಲ್ಲಿತ್ತು. ಒಡೆದ ಕಾಯಿಯ ನೀರು ಚರಂಡಿಗೆ ಹರಿದು ಹುಳಿ ನಾತ ಹೊಡೆಯುತ್ತಿತ್ತು. ಅಲ್ಲಿ ಕೆಲಸ ಮಾಡುವ ಹೆಂಗಸರ ಸೀರೆಯ ಅಂಚು ಆ ಹುಳಿ ನೀರಲ್ಲಿ ನೆನೆದೂ ನೆನೆದೂ ಎಳನೀರಿನ ಒಳಗಿನ ಗಂಜಿಯಷ್ಟು ಮೆತ್ತಗಿರುವುದನ್ನು ಓಬಮ್ಮ ಕಂಡಳು. ಆವತ್ತೇ ಒಂದು ಕೊಡ ಕಾಯಿ ನೀರು ಹೊತ್ತು ತಂದು, ಮೂಲೆಯಲ್ಲಿಟ್ಟು ಚೆನ್ನಾಗಿ ಹುಳಿ ಬರಿಸಿದಳು. ಒಗೆದ ಬಟ್ಟೆಯನ್ನು ಕೊನೆಗೆ ಅದರಲ್ಲಿ ಅದ್ದಿ ಹಿಂಡಿ ಹರವಿದಳು. ಒಣಗಿದಾಗ ಬಟ್ಟೆ ಕೈಯಲ್ಲಿ ಜಾರುವಂತಿತ್ತು.

ಮೊದಲ ಸಲ ಬರೀ ನೀರಲ್ಲಿ ಮತ್ತೊಮ್ಮೆ ಜಾಲಿಸಬೇಕೆಂದು ತಿಳಿದಿರಲಿಲ್ಲ. ಬಟ್ಟೆಯಲ್ಲಿ ಉಳಿದ ಕಾಯಿ ನೀರಿನ ಸಿಹಿಗೆ ಇಡೀ ತಾಲ್ಲೂಕಿನ ಇರುವೆಗಳು, ತುರುವೇಕೆರೆಯವೂ ಬಸ್ ಹತ್ತಿಕೊಂಡು, ಲಕ್ಕಯ್ಯನ ಹಾಸಿಗೆಗೆ ಬಂದಿಳಿದವು. "ನೋಡ್ಲಾ, ನನ್ನ ನೋಡಕ್ಕೆ ಇನ್ನೂ ಜನ ಬತ್ತಾರೆ," ಅಂದ ಲಕ್ಕಯ್ಯ. ಓಬಮ್ಮ ಕೂತು ಒಂದೊಂದನ್ನೇ ಆರಿಸಿ ತೆಗೆದಳು.

ಹುಣ್ಣು ಬೆಳೆಯುವುದು ನಿಂತಿತು. ಒಣಗಲೂ ಇಲ್ಲ. ಹಾಗೇ ಬಾಯಿ ತೆರೆದುಕೊಂಡು ಕೂತಿತ್ತು. ತಿಂಗಳು ಕಳೆಯಿತು, ಇನ್ನೊಂದೂ ಕಳೆಯಿತು. "ಅಟ್ಟದ ಮೇಲಿನ್ ಸೋಪು ಆಗಿರ್ತೈತಲ್ಲೇ, ಇಳ್ಸು," ಅಂದೆ.

"ಆಗೈತೋ ಇಲ್ವೋ ಯಾರ್ಗೊತ್ತು, ಬಾವ? ಇನ್ನೊಂದ್ ಸಲ ಸುಟ್ರೆ ಆ ಚರ್ಮ ತಡೆಯಲ್ಲ."

"ನಿನ್ ಕೈಗೇ ಹಚ್ಕಂಡು ನೋಡು."

ಅವಳು ಅಂಗೈ ಚಾಚಿದಳು. ಒರಟು ಸಿಪ್ಪೆ. ಆ ಅಂಗೈಗೆ ಕೆಂಡ ಇಟ್ಟರೂ ಒಂದು ಗಳಿಗೆ ಯೋಚಿಸಿ ಆಮೇಲೆ ಸುಡಬೇಕು.

ಅಷ್ಟರಲ್ಲಿ ಕೊಬ್ಬರಿ ನೋಡಲು ತಿಪಟೂರಿನ ದಲ್ಲಾಳಿ ಗಿಡ್ಡಯ್ಯ ಬಂದ. ಗಿಡ್ಡಯ್ಯನ ನಾಲಿಗೆ ಸುತ್ತ ಹೋಬಳಿಗೆಲ್ಲ ಹೆಸರುವಾಸಿ. ಕೊಬ್ಬರಿಯನ್ನು ಕಣ್ಣಿಗಿಂತ ಮೊದಲು ಬಾಯಿಂದ ನೋಡುವವನು. ಒಂದು ಚೂರು ಕಚ್ಚಿದರೆ ಇದು ಯಾರ ತೋಟದ್ದು, ಬಾವಿ ನೀರೋ ಕೆರೆ ನೀರೋ, ಕಾಯಿ ಕೀಳುವ ದಿನ ಗಂಡ ಹೆಂಡತಿ ಜಗಳವಾಡಿದ್ದರೋ ಇಲ್ಲವೋ, ಎಲ್ಲಾ ಹೇಳುತ್ತಿದ್ದ. ಎಲೆ ಅಡಿಕೆ ಹಾಕುತ್ತಿರಲಿಲ್ಲ, ಬಿಸಿ ಕಾಫಿ ಕುಡಿಯುತ್ತಿರಲಿಲ್ಲ. ನಾಲಿಗೆ ಕೆಟ್ಟೀತು ಅಂತ.

ಓಬಮ್ಮ ಹಿತ್ತಿಲಲ್ಲಿ ಒಗೆಯುತ್ತಿದ್ದಳು. ನಾನು ಲಕ್ಕಯ್ಯನ ಪಕ್ಕ ಕೂತಿದ್ದೆ. "ನೀವೇ ಹತ್ತಿ ನೋಡ್ಕಳಿ ಗಿಡ್ಡಯ್ನೋರೆ, ಮನೆಯೋನು ಈಗ ಏಣಿ ಹತ್ತದ್ ಬುಟ್ಟವ್ನೆ," ಅಂದ ಲಕ್ಕಯ್ಯ.

ಗಿಡ್ಡಯ್ಯ ಹತ್ತಿದ. ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಸದ್ದು ಕೇಳಿಸುತ್ತಿತ್ತು. ಆಮೇಲೆ, "ಪರ್ವಾಗಿಲ್ಲ ಕಣಪ್ಪ, ನಾನ್ ಬರೋದ್ ಗೊತ್ತಾಗಿ ಮೊದ್ಲೇ ಹೋಳು ಮಾಡಿಕ್ಕವ್ಳೆ, ಜಾಣೆ," ಅಂದ.

ಹೋಳು? ನಾನೂ ಲಕ್ಕಯ್ಯನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೂಗೋಣ ಅನ್ನುವಷ್ಟರಲ್ಲಿ ಮೇಲಿನಿಂದ ಕಟಕ್ ಅಂತ ಕಚ್ಚಿದ ಸದ್ದು. ಆಮೇಲೆ ಗಿಡ್ಡಯ್ಯ ಏಣಿ ಇಳಿದನೋ ಬಿದ್ದನೋ ನನಗೆ ತಿಳಿಯದು. ಬಾಯಿಯ ಎರಡೂ ಕಡೆ ನೊರೆ. ಮಾತಾಡಿದರೆ ಗುಳ್ಳೆ. ಒಂದು ಗುಳ್ಳೆಯಂತೂ ಕಿಟಕಿಯಿಂದ ಹೊರಬಿದ್ದು ಶೆಟ್ಟಿಕೆರೆ ಕಡೆಗೆ ಹೋಯಿತು. ನೋಡಿದವರಿದ್ದಾರೆ.

"ಇದ್ಯಾವ ಸೀಮೆ ಕೊಬ್ರಿ ಕಣಮ್ಮೋ!"

ಗಲಾಟೆ ಕೇಳಿ ಓಬಮ್ಮ ಒದ್ದೆ ಕೈಯಲ್ಲೇ ಒಳಗೆ ಓಡಿ ಬಂದಳು. ಗಿಡ್ಡಯ್ಯನ ಕೈಯಲ್ಲಿದ್ದ ಕಚ್ಚಿದ ಗಿಟುಕನ್ನು ನೋಡಿದಳು. ಕ್ಷಮಿಸಿ ಅನ್ನಲಿಲ್ಲ, ನೀರು ಕೊಡಲಿಲ್ಲ. ಅವನ ತೋಳು ಹಿಡಿದುಕೊಂಡಳು.

"ಗಿಡ್ಡಯ್ನೋರೆ, ಉರೀತಾ?"

"ಥೂ! ಏನ್ ಹೆಂಗ್ಸಮ್ಮಾ ನೀನು! ನೀರ್ ಕೊಡು!"

"ಕೊಡ್ತೀನಿ. ಮೊದ್ಲು ಹೇಳಿ, ನಾಲ್ಗೆ ಉರೀತಾ? ಚುರ್ ಅಂತಾ?"

"ಉರಿ ಎಲ್ಲೈತೆ? ಸಪ್ಪೆ! ಜಿಡ್ಡು ಜಿಡ್ಡು ಸಪ್ಪೆ!"

"ಒಂಚೂರೂ ಉರೀಲಿಲ್ವಾ? ಸರ್ಯಾಗ್ ನೆನಪ್ ಮಾಡ್ಕಂಡ್ ಹೇಳಿ."

ಅವಳ ಮುಖ ನೋಡಿ ಗಿಡ್ಡಯ್ಯನಿಗೆ ಏನನ್ನಿಸಿತೋ. ಉಗುಳುವುದನ್ನು ನಿಲ್ಲಿಸಿ, ವ್ಯಾಪಾರದ ಗತ್ತಿನಲ್ಲಿ ಕಣ್ಣು ಮುಚ್ಚಿ, ನಾಲಿಗೆಯನ್ನು ಒಸಡಿನ ಸುತ್ತ ಒಂದು ಸುತ್ತು ತಿರುಗಿಸಿದ. "ಇಲ್ಲ ಕಣಮ್ಮ. ಚೂರೂ ಇಲ್ಲ," ಅಂದ.

ಓಬಮ್ಮ ಗೋಡೆಗೆ ಒರಗಿ ನಿಂತಳು. ಲಕ್ಕಯ್ಯ ನಗುತ್ತಿದ್ದ. ಬಿದ್ದ ಮೇಲೆ ಅಷ್ಟು ದೊಡ್ಡದಾಗಿ ನಕ್ಕಿರಲಿಲ್ಲ. ಆಮೇಲೆ ಗಿಡ್ಡಯ್ಯನಿಗೆ ನೀರು ಸಿಕ್ಕಿತು, ಮೇಲೊಂದು ಅಚ್ಚು ಬೆಲ್ಲವೂ ಸಿಕ್ಕಿತು.

ಆ ದಿನದಿಂದ ಅಟ್ಟದ ಸೋಪಿನಲ್ಲಿ ಒಗೆದು, ಹುಳಿ ನೀರಲ್ಲಿ ಅದ್ದಿ, ಒಳ್ಳೆ ನೀರಲ್ಲಿ ಜಾಲಿಸಿದ ಬಟ್ಟೆಯನ್ನೇ ಹಾಸಿದಳು. ನಾವು ಹೊರಳಿಸುವುದನ್ನೂ ತಪ್ಪಿಸಲಿಲ್ಲ. ಹುಣ್ಣು ಅಂಚಿನಿಂದ ಮೆಲ್ಲಗೆ ಕೂಡಿಕೊಂಡು ಬಂತು. ಡಾಕ್ಟರು ಮತ್ತೆ ಬಂದಾಗ ಹೊಸ ಚರ್ಮ ಮುಚ್ಚಿಕೊಂಡಿತ್ತು. ಕಾಲಿಗೆ ಮಾತ್ರ ಶಕ್ತಿ ಬರಲಿಲ್ಲ. ಅದು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಒಗೆಯುವುದೂ ನಿಲ್ಲಲಿಲ್ಲ.

ಡಾಕ್ಟರು ಹೋದ ಮೇಲೆ ಲಕ್ಕಯ್ಯ ಕರೆದ.

"ಓಬಿ, ಇವತ್ತು ನಿನ್ ಸೀರೆನೂ ಆ ಹುಳಿ ನೀರ್ಗೆ ಅದ್ದೇ. ಸೋಗೆ ಸುತ್ಕಂಡಂಗ್ ಓಡಾಡ್ತೀಯ."

"ನಂಗ್ಯಾಕೆ? ನಾನೇನ್ ಮನೀಕ್ಕಂಡಿರ್ತೀನಾ?"

ಆದರೂ ಅದ್ದಿದಳು. ಬಿಸಿಲಿಗೆ ಒಣಗಿದ ಮೇಲೆ ಅದನ್ನೇ ಉಟ್ಟು, ರಾಗಿ ಹಸನು ಮಾಡಲು ಮೊರ ಹಿಡಿದು ಕಂಬಕ್ಕೆ ಒರಗಿ ಕೂತಳು. ಸ್ವಲ್ಪ ಹೊತ್ತಿಗೆ ಮೊರ ತೊಡೆಯ ಮೇಲೆ ಇಳಿಯಿತು. ಸೆರಗನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆ ಹೋಗಿದ್ದಳು. ಈ ಸಲ ಕೈಯೂ ಆಡುತ್ತಿರಲಿಲ್ಲ. ಕೋಳಿಗಳು ಬಂದು ಮೊರಕ್ಕೆ ಬಾಯಿ ಹಾಕಿದವು. ಓಡಿಸಲು ನಾನು ಎದ್ದೆ.

"ಕೂತ್ಕಳ್ಳಾ," ಅಂದ ಲಕ್ಕಯ್ಯ ಪಿಸುದನಿಯಲ್ಲಿ. "ತಿನ್ಲಿ ಬುಡು. ಸದ್ ಮಾಡ್ಬ್ಯಾಡ."