ದತ್ತೂ ಕಾಕಾನ ಕೈಯಲ್ಲಿ ಸತ್ತವರು

ದಿಗ್ಗೇವಾಡಿಯಲ್ಲಿ ದತ್ತೂ ಕಾಕಾನ ಕೈಯಲ್ಲಿ ಒಮ್ಮೆಯಾದರೂ ಸಾಯದ ಗಂಡಸರು ಕಡಿಮೆ. ಎಮ್ಮೆ ಮೇಯಿಸುತ್ತ ನಾಟಕ ಕಟ್ಟುವುದು ಅವನ ಚಟ. ಸಿಟ್ಟು ಬಂದರೆ ಜಗಳಕ್ಕೆ ಹೋಗುತ್ತಿರಲಿಲ್ಲ. "ತಡಿ ಮಗನ, ಮುಂದಿನ ನಾಟಕದಾಗ ನಿನ್ನ ಖಲ್ಲಾಸ್ ಮಾಡ್ತೇನಿ" ಅನ್ನುತ್ತಿದ್ದ. ನೀರುನೀರು ಚಹಾ ಕೊಟ್ಟ ಹೋಟೆಲಿನ ಶಿವಪ್ಪನನ್ನು ಎರಡನೆಯ ಅಂಕದಲ್ಲೇ ಕೃಷ್ಣಾ ಹೊಳೆಯ ಮೊಸಳೆ ನುಂಗಿತು. ಮರುದಿನದಿಂದ ಚಹಾ ಗಟ್ಟಿಯಾಯಿತು.

ಒಂದು ವರ್ಷ ಮೊಮ್ಮಗಳ ಮೊಬೈಲಿನಲ್ಲಿ ಏನೇನೋ ನೋಡಿ, ಮುಂದೆ ಬರಲಿರುವ ಕೆಟ್ಟ ಕಾಲದ ನಾಟಕ ಕಟ್ಟಿದ. ಮಹಡಿಯ ಸಾಹುಕಾರರು ಚೀಟಿ ಎತ್ತಿ ಬಡವರನ್ನು ಆರಿಸುತ್ತಾರೆ, ಕೈಗೆ ಕುಡಗೋಲು ಕೊಟ್ಟು ಹೊಡೆದಾಡಿಸುತ್ತಾರೆ, ಅದನ್ನು ಟೀವಿಯಲ್ಲಿ ನೋಡುತ್ತ ಚಿವಡಾ ತಿನ್ನುತ್ತಾರೆ. ಕೊನೆಗೆ ಉಳಿದವನಿಗೆ ಬದುಕಿರುವತನಕ ಊಟ.

ಪಾತ್ರ ಹಂಚುವಾಗಲೇ ಗದ್ದಲ. "ಕಾಕಾ, ಬಡವ್ರಂತೂ ದಿನಾ ಅದೇವಿ. ಸ್ಟೇಜ್ ಮ್ಯಾಲರ ಸಾವ್ಕಾರ್ರನ ಮಾಡೋ" ಎಂದ ಟ್ರ್ಯಾಕ್ಟರ್ ಓಡಿಸುವ ಮಹಾದೇವ. ಎಲ್ಲರದೂ ಅದೇ ಹಟ.

"ಎಲ್ಲಾರೂ ನೋಡಾಂವ್ರಾದ್ರ ಸಾಯಾಂವ್ರು ಯಾರಲೇ?" ಎಂದು ಕಾಕಾ ಹಣೆ ಚಚ್ಚಿಕೊಂಡ. ಕಡೆಗೆ, ಸಾಯುವವರಿಗಷ್ಟೇ ಉದ್ದ ಡೈಲಾಗ್ ಎಂದು ಸಾರಿದ. ಊರೆಲ್ಲ ಸಾಯಲು ಮುಗಿಬಿತ್ತು.

ನನಗೂ ಮಹಾದೇವನಿಗೂ ಸಾವು ಸಿಗಲಿಲ್ಲ. ಕೊನೆಯ ದೃಶ್ಯದಲ್ಲಿ ಉಳಿದ ನಾವಿಬ್ಬರು ಕುಡಗೋಲು ದೂರ ಒಗೆದು, ಸುಮ್ಮನೆ ಕೂತು ರೊಟ್ಟಿ ತಿನ್ನಬೇಕು.

"ಆಮ್ಯಾಲ?" ಎಂದೆ.

"ಆಮ್ಯಾಲ ಏನಿಲ್ಲ. ನೋಡಾಂವ್ರಿಗೆ ಬ್ಯಾಸರಾಗಿ ಟೀವಿ ಬಂದ್ ಮಾಡ್ತಾರ. ಇದೊಂದ ಸೀನ್ ಸಲುವಾಗಿ ಉಳದದ್ದೆಲ್ಲಾ ಕಟ್ಟೇನಿ."

ನಮ್ಮ ಕಡೆ ಒಬ್ಬ ಚೆನ್ನಾಗಿ ಸತ್ತರೆ ಜನ "ಒನ್ಸ್ ಮೋರ್" ಕೂಗುತ್ತಾರೆ, ಸತ್ತವನು ಎದ್ದು ಮತ್ತೆ ಸಾಯಬೇಕು. ಇಷ್ಟು ಸಾವು ತುಂಬಿದ ನಾಟಕ ಕಟ್ಟುವಾಗ ಕಾಕಾ ಇದೊಂದನ್ನೇ ಮರೆತಿದ್ದ. ನಾಟಕದ ರಾತ್ರಿ ಮುಂದೆ ಕುರ್ಚಿಗಳಲ್ಲಿ ಊರ ಸಾಹುಕಾರರು ಮತ್ತು ಅವರ ಬಳಗ, ಹಿಂದೆ ನೆಲದ ಮೇಲೆ ಉಳಿದ ಮಂದಿ. ಒಬ್ಬೊಬ್ಬ ಬಡವ ಬಿದ್ದಾಗಲೂ ಸಾಹುಕಾರರದೇ ಮೊದಲ ಕೂಗು. ಮುದುಕನ ಪಾತ್ರದ ಕಾಕಾ ಎದೆ ಹಿಡಿದು ಸತ್ತ, ಕೂಗು ಬಿತ್ತು. ಉರುಳಾಡಿ ಸತ್ತ; ಮತ್ತೆ ಕೂಗು. ಕಾಕಾ ಎದ್ದು ಕೂತ.

"ಸಾವ್ಕಾರ್ರ, ಎರಡ ಸಲ ಸತ್ತೇನ್ರಿ, ಇನ್ನ ಕೈಲಾಗೂದಿಲ್ಲ. ಈಗ ನೀವ ಬರ್ರಿ."

ಸಾಹುಕಾರರು ಒಳ್ಳೆಯ ಮನುಷ್ಯರು, ನಗುತ್ತ ಹತ್ತಿ ಬಂದು ಧೊಪ್ಪನೆ ಬಿದ್ದರು. ನೆಲದ ಮೇಲಿನ ಮಂದಿ ಬಿಡುತ್ತಾರೆಯೇ? "ಒನ್ಸ್ ಮೋರ್!" ಹೆಂಗಸರದೇ ಜೋರು. ಬಿಳಿ ಧೋತರ ಮಣ್ಣಿನ ಬಣ್ಣಕ್ಕೆ ತಿರುಗುವವರೆಗೆ ಸಾಯಿಸಿದರು. ಆ ನಗುವಿನಲ್ಲಿ ಪರದೆ ಬಿತ್ತು, ರೊಟ್ಟಿಯ ದೃಶ್ಯ ಬರಲೇ ಇಲ್ಲ.

ಪರದೆಯ ಹಿಂದೆ ಕಾಕಾ ಅಳುತ್ತಿದ್ದ. "ಮಂದಿ ಎಷ್ಟ್ ನಕ್ಕ್ರು ಕಾಕಾ!" ಎಂದೆ.

"ನಕ್ಕ್ರು ಖರೆ. ಆದ್ರ ಮತ್ತೊಬ್ಬಾಂವ ಸಾಯೂದ ನೋಡೇ ನಕ್ಕ್ರಲ್ಲೋ."

ಕೊನೆಯ ಸಲ ಕಾಕಾನನ್ನು ನೋಡಿದ್ದು ಮಿರಜಿನ ದವಾಖಾನೆಯಲ್ಲಿ. ಆರಾಮ ಕೇಳಿದರೆ, "ನನ್ನದಿರ್ಲಿ. ನೀವಿಬ್ಬರೂ ಒಮ್ಮೆ ಕುಂತ್ ರೊಟ್ಟಿ ತಿನ್ರಿ" ಎಂದ. ನಾಲ್ಕೇ ದಿನಕ್ಕೆ ಹೋಗಿಬಿಟ್ಟ.

ಈ ಚಳಿಗಾಲದಲ್ಲಿ ನಾಟಕವನ್ನು ಮತ್ತೆ ಆಡಿದೆವು. ನಾನೂ ಮಹಾದೇವನೂ ಕುಡಗೋಲು ಒಗೆದು, ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ ಕೂತೆವು. ಕುರ್ಚಿಯವರು ಕಾದರು, ಗೊಣಗಿದರು, ಆಕಳಿಸಿದರು, ಒಬ್ಬೊಬ್ಬರೇ ಎದ್ದು ಹೋದರು. ಕಾಕಾ ಹೇಳಿದಂತೆಯೇ ಆಯಿತು! ಖುಷಿ ತಡೆಯದೆ, ತುತ್ತು ಬಾಯಲ್ಲಿರುವಾಗಲೇ ಅವನಿಗೆ ಹೇಳಲು ಪರದೆಯ ಹಿಂದೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ.