ಅಲಸಂಡೆ ಚಪ್ಪರದ ನಾಲ್ಕನೇ ನಾರು

ಪುಟ್ಟಾ, ಚಿನ್ನೀ, ನೀವು ಕಂಪ್ಯೂಟರ್ ತೆರೆದ ಕೂಡಲೇ ಅಜ್ಜಿ ಯಾಕೆ ಎದ್ದು ಒಳಗೆ ಹೋಗುತ್ತಾಳೆ ಎಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ನನ್ನ ಏಳನೇ ಕ್ಲಾಸಿನ ಕನ್ನಡದಲ್ಲಿ ಬರೆಯುತ್ತೇನೆ, ಓದಿ.

ನಿಮ್ಮ ಅಜ್ಜ ತೀರಿಹೋದ ಮರುವರ್ಷ ಅಳದಂಗಡಿಯ ನಮ್ಮ ಮಹಿಳಾ ಮಂಡಲದವರು ಕಟ್ಟಡದ ಬೀಗದ ಕೈಯನ್ನು ನನಗೆ ಕೊಟ್ಟರು. ಬಾಗಿಲು ತೆಗೆಯುವುದು, ಗುಡಿಸುವುದು, ಇಷ್ಟೇ ಕೆಲಸ. ಆದರೆ ಹೊರಗಿನವರು ನನ್ನನ್ನು ನಂಬಿ ಕೈಗೆ ಕೊಟ್ಟ ಮೊದಲ ವಸ್ತು ಅದು. ಸೆರಗಿನ ತುದಿಗೆ ಕಟ್ಟಿಕೊಂಡೇ ತಿರುಗುತ್ತಿದ್ದೆ.

ಯಾರೋ ಕೊಟ್ಟ ಹಳೇ ಕಂಪ್ಯೂಟರೊಂದು ಅಲ್ಲಿಗೆ ಬಂತು. ಅದನ್ನು ಸರಿಮಾಡಿ ಹೆಂಗಸರಿಗೆ ಕಲಿಸಲು ಪುತ್ತಿಗೆಯಿಂದ ಒಬ್ಬಳು ಬ್ಯಾರಿ ಹುಡುಗಿ ಶನಿವಾರ ಶನಿವಾರ ಬಸ್ಸು ಬದಲಾಯಿಸಿ ಬರುತ್ತಿದ್ದಳು. ಅವಳಿಗೆ ಅದೇ ಮೊದಲ ಕೆಲಸ. "ಇದಕ್ಕೆ ಲಿನಕ್ಸ್ ಹಾಕುವ ಅಮ್ಮ. ಕಂಪ್ಯೂಟರ್ ನಡೆಸುವ ತಂತ್ರಾಂಶ ಅದು, ಎಲ್ಲರೂ ದುಡ್ಡಿಲ್ಲದೆ ಹಂಚಿಕೊಳ್ಳುವಂಥದ್ದು, ಹಳೇ ಯಂತ್ರಕ್ಕೂ ಆಗ್ತದೆ" ಎಂದಳು. ಪೆನ್‌ಡ್ರೈವ್ ಆ ಯಂತ್ರಕ್ಕೆ ಹಿಡಿಸಲಿಲ್ಲ, ನೆಟ್‌ವರ್ಕ್ ನಮ್ಮಲ್ಲಿ ಇಲ್ಲ. ಹಾಗಾಗಿ ಅದನ್ನು ಎರಡು ಡಿವಿಡಿಯಲ್ಲಿ ತುಂಬಿಸಿ ತಂದು ಕಪಾಟಿನಲ್ಲಿಟ್ಟು ಹೋದಳು.

ಅದೇ ಕಪಾಟಿನಲ್ಲಿ ಹಳೇ ವಾರ್ಷಿಕೋತ್ಸವಗಳ ಡಿವಿಡಿ ರಾಶಿ ಇತ್ತು. ಬೇಕಾದರೆ ತೆಗೆದುಕೊಳ್ಳಿ ಎಂದು ಅಧ್ಯಕ್ಷೆ ಹೇಳಿದ್ದರು. ನಮ್ಮಲ್ಲಿ ಡಿವಿಡಿ ಎಂದರೆ ನವಿಲು ಓಡಿಸುವ ವಸ್ತು. ಬಾಳೆನಾರಿನಲ್ಲಿ ಕಟ್ಟಿ ಅಲಸಂಡೆ ಚಪ್ಪರಕ್ಕೆ ತೂಗಿಸಿದರೆ ಬಿಸಿಲಿಗೆ ಮಿಂಚುತ್ತದೆ. ನಾನು ಮೇಲಿನಿಂದ ನಾಲ್ಕು ತೆಗೆದುಕೊಂಡು ಹೋದೆ. ಅದರಲ್ಲಿ ಒಂದು ಅವಳದ್ದು ಎಂದು ನೋಡಲಿಲ್ಲ. ಅಲ್ಲಿವರೆಗೆ ಅದು ತಪ್ಪು ಮಾತ್ರ, ಪಾಪ ಅಲ್ಲ.

ಮುಂದಿನ ಶನಿವಾರ ಮೊದಲ ಡಿವಿಡಿ ಹಾಕಿದಳು. ಅರ್ಧ ಗಂಟೆ ಓಡಿ, ಎರಡನೆಯದನ್ನು ಹಾಕಿ ಎಂದು ಪರದೆ ಕೇಳಿತು. ಅವಳು ಕಪಾಟು ಪೂರ್ತಿ ಕೆಳಗಿಳಿಸಿದಳು.

"ಅಮ್ಮ, ಇಲ್ಲಿ ಇನ್ನೊಂದು ಇತ್ತಲ್ಲ?"

ಆ ಕ್ಷಣ ನನಗೆ ಗೊತ್ತಾಯಿತು. ಸೆರಗಿನ ಬೀಗದ ಕೈ ಹಿಡಿದುಕೊಂಡು, "ನಂಗೆ ಗೊತ್ತಿಲ್ಲ ಮಗಾ" ಎಂದೆ.

ಮನೆಗೆ ಬಂದು ಚಪ್ಪರದಿಂದ ಅವಳ ಡಿವಿಡಿಯನ್ನು ಬಿಚ್ಚಿದೆ. ಮಂಜು, ಧೂಳು, ಹಕ್ಕಿ ಹಿಕ್ಕೆ. ಕಾಲುದೀಪ ತಿಕ್ಕಿದ ಹಾಗೆ ಬೂದಿ, ತೆಂಗಿನ ನಾರು ಹಾಕಿ ಚೆನ್ನಾಗಿ ತಿಕ್ಕಿದೆ. ಹೊಳೆಯಿತು. ವಾರದೊಳಗೆ ಕಪಾಟಿನ ಹಿಂದೆ, ಬಿದ್ದದ್ದೋ ಎಂಬಂತೆ ಸಿಕ್ಕಿಸಿಟ್ಟೆ.

ಮೂರನೇ ಶನಿವಾರ ಅವಳಿಗೆ ಅದು ಸಿಕ್ಕಿತು. "ಅಯ್ಯೋ, ಇಲ್ಲೇ ಇದ್ದಿತ್ತಲ್ಲ!" ಎಂದು ನಕ್ಕಳು. ಆ ನಗು ಸುಮಾರು ಹತ್ತು ನಿಮಿಷ ಉಳಿಯಿತು. ಕೆಲಸ ನಡುವೆ ನಿಂತು, ಕೆಲವು ಫೈಲು ಸಿಗುತ್ತಿಲ್ಲ ಎಂದು ಪರದೆ ಹೇಳಿತು. ಅವಳು ಡಿವಿಡಿ ಓದುವ ಪೆಟ್ಟಿಗೆ ಬಿಚ್ಚಿ ಒರೆಸಿದಳು. ವಯರು ಬದಲಾಯಿಸಿದಳು. ಆಮೇಲೆ ಡಿವಿಡಿಯಲ್ಲಿ ಏನೇನು ಇರಬೇಕೋ ಆ ಪಟ್ಟಿಯನ್ನು ತೆರೆದು, ಏನೇನು ಉಂಟು ಎಂದು ಯಂತ್ರದಿಂದಲೇ ತಾಳೆ ನೋಡಿಸಿದಳು.

"ಪುಸ್ತಕ ಉಂಟು ಅಮ್ಮ, ನಡುವಿನ ಪುಟ ಹರಿದಿದೆ" ಎಂದು ನನಗೆ ತಿಳಿಯುವ ಹಾಗೆ ಹೇಳಿ, ಡಿವಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾನು ತಿಕ್ಕಿದ ಗೀರುಗಳೆಲ್ಲ ಕಂಡವು. ಕಿಟಕಿಯ ಆಚೆ, ಓಣಿ ದಾಟಿದರೆ ನಮ್ಮ ಅಲಸಂಡೆ ಚಪ್ಪರ. ಅಲ್ಲಿ ಮೂರು ಡಿವಿಡಿ ಮಿಂಚುತ್ತಿದ್ದವು. ನಾಲ್ಕನೇ ನಾರು ಖಾಲಿ ತೂಗುತ್ತಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಅಷ್ಟರಲ್ಲಿ ಅಧ್ಯಕ್ಷೆ ಬಂದರು. "ಏನು ಮಾರಾಯ್ತಿ, ಮೂರು ವಾರ ಆಯ್ತು. ನಿನ್ನ ಲಿನಕ್ಸಿಗೆ ಮುಹೂರ್ತ ಕೂಡಿ ಬರ್ಲಿಲ್ವಾ?"

ಈಗ ಹೇಳುತ್ತಾಳೆ ಎಂದುಕೊಂಡೆ.

"ನನ್ನದೇ ತಪ್ಪು ಅಕ್ಕ. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕಿತ್ತು, ಮಾಡ್ಲಿಲ್ಲ" ಎಂದಳು.

"ಪ್ರತಿಯಂತೆ! ಬರುದಿಲ್ಲಾಂದ್ರೆ ಬರುದಿಲ್ಲಾಂತ ಹೇಳ್ಬೇಕಪ್ಪ. ಬಂಟ್ವಾಳದಲ್ಲಿ ಒಬ್ಬರಿದ್ದಾರೆ, ಅವರನ್ನೇ ಕರೆಸುವ."

ನಾನು ಗೋಡೆಗೆ ಆತು ನಿಂತೇ ಇದ್ದೆ. ಒಂದು ಮಾತು ಸಾಕಿತ್ತು.

ಅವಳು ಸಾಮಾನು ಚೀಲಕ್ಕೆ ತುಂಬಿ ಹೊರಟಳು. ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು, "ಗಿಳಿಯಾ ಅಮ್ಮ, ನವಿಲಾ?"

"ನವಿಲು."

"ನಮ್ಮಲ್ಲೂ ಅದೇ ಉಪದ್ರ" ಎಂದು ಬಸ್ಸಿಗೆ ಹೋದಳು.

ಆ ಕೆಲಸ ಬಂಟ್ವಾಳದವರಿಗೇ ಆಯಿತು. ಅವಳಿಗೆ ಕೆಲಸ ಬರುವುದಿಲ್ಲ ಎಂಬ ಮಾತು ಮಾತ್ರ ನಮ್ಮ ಮಂಡಲದಲ್ಲಿ ಉಳಿಯಿತು. ವರ್ಷಗಟ್ಟಲೆ ಅದನ್ನು ಕೇಳಿಕೊಂಡೇ ಗುಡಿಸಿದ್ದೇನೆ. ಕೊನೆಗೆ ಮೊನ್ನೆ ಅಧ್ಯಕ್ಷೆಗೆ ಎಲ್ಲ ಹೇಳಿ ಬೀಗದ ಕೈ ಮುಂದಿಟ್ಟೆ. ಅವರು ನಕ್ಕುಬಿಟ್ಟರು. "ಅಯ್ಯೋ, ಅದಾ! ಅದು ಯಾವ ಕಾಲದ್ದು ಮಾರಾಯ್ರೆ. ಕೀ ನೀವೇ ಇಟ್ಕೊಳ್ಳಿ." ಅವತ್ತೇ ಹೇಳಿದ್ದರೂ ಹೀಗೆಯೇ ನಗುತ್ತಿದ್ದರೋ ಏನೋ. ಇಷ್ಟಕ್ಕೆ ಹೆದರಿ ಒಬ್ಬಳ ಮೊದಲ ಕೆಲಸ ಕಳೆದೆ.

ಅವಳು ಈಗ ಬೆಳ್ತಂಗಡಿಯಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಎರಡು ಸಲ ಮೆಟ್ಟಿಲವರೆಗೆ ಹೋಗಿ ಹಿಂದೆ ಬಂದಿದ್ದೇನೆ. ಅದಕ್ಕೇ ಇದನ್ನು ಎರಡು ಪ್ರತಿ ಬರೆದೆ. ಒಂದನ್ನು ಸೋಮವಾರ ಅವಳ ಕೈಗೆ ಕೊಡುತ್ತೇನೆ. ಬಾಯಿ ಬಾರದಿದ್ದರೆ ಕಾಗದ ಮಾತಾಡಲಿ. ಇನ್ನೊಂದು ನಿಮ್ಮದು. ಮೂರನೇ ಸಲವೂ ನಾನು ಮೆಟ್ಟಿಲಿಂದಲೇ ತಿರುಗಿದರೆ ನೀವು ಕೊಂಡುಹೋಗಿ ಕೊಡಬೇಕು. ಅಲ್ಲಿವರೆಗೆ ನೀರು ತಾಗದ, ಯಾರೂ ಹಳೇ ಕಾಗದವೆಂದು ಎತ್ತಿಕೊಳ್ಳದ ಕಡೆ ಈ ಹಾಳೆಗಳನ್ನು ಜೋಪಾನವಾಗಿ ಇಡಿ ಮಕ್ಕಳೇ.