ಅತ್ತೆಗೇ ಸಿಗದ ಉಪ್ಪು

“ಉಪ್ಪು ಎಲ್ಲಮ್ಮಿ?”

ಹರವೆಯ ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಅಡುಗೆ ಮಾಡುತ್ತಿರುವ ಅತ್ತೆ, ಒಲೆಯ ಮುಂದೆ ನಿಂತು ನನ್ನನ್ನು ಕೇಳಿದರು. ಸಾರು ಕುದಿಯುತ್ತಿತ್ತು. ಗೋಡೆಯ ಗೂಡಿಗೆ ಹೋದ ಅವರ ಕೈ ಖಾಲಿಯಾಗಿ ವಾಪಸ್ ಬಂದಿತ್ತು.

ಮೂಲೆಯಲ್ಲಿ ಕೂತಿದ್ದ ಹುಡುಗಿ ಅದನ್ನೂ ಬರೆದುಕೊಂಡಳು. ಅವಳು ಡಿಸೈನ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ಯಾವ ವಸ್ತು ಎಲ್ಲಿರುತ್ತದೆ, ಕೈ ಹೇಗೆ ಅಲ್ಲಿಗೆ ಹೋಗುತ್ತದೆ ಎಂಬುದೇ ಅವಳ ಸಂಶೋಧನೆ. “ದಿನಾ ಹೇಗಿರ್ತೀರೋ ಹಾಗೇ ಇರಿ” ಎಂದು ಫೋನಿನಲ್ಲೇ ಹೇಳಿದ್ದಳು. ಆದರೆ ಮನೆಗೆ ಹೊಸಬರು ಬರುವಾಗ ಹಾಗೇ ಇರುವುದುಂಟೆ? ಅತ್ತೆ ಹಿಂದಿನ ದಿನವೇ ನಮ್ಮ ಜಿಡ್ಡು ಹಿಡಿದ ಡಬ್ಬಿಗಳನ್ನೆಲ್ಲ ಮಂಚದಡಿ ತಳ್ಳಿ, ಪಕ್ಕದ ಮನೆಯ ಸ್ಟೀಲ್ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದ್ದರು.

ಹುಡುಗಿ ಬರೆಯುತ್ತಲೇ ಇದ್ದಳು. ಈ ಸುಳ್ಳೆಲ್ಲ ಅವಳ ಓದಿಗೆ ಸೇರುವುದನ್ನು ಅತ್ತೆಗೆ ಸಹಿಸಲಾಗಲಿಲ್ಲ. “ಅದ್ನೆಲ್ಲ ಅಳಿಸ್ಬುಡು ಕಣವ್ವ. ಇವ್ಯಾವೂ ನಮ್ಮವಲ್ಲ!”

ಹುಡುಗಿ ಬಿದ್ದು ಬಿದ್ದು ನಕ್ಕಳು. ಮೂವರೂ ಬಗ್ಗಿ ಮಂಚದಡಿಯಿಂದ ಡಬ್ಬಿಗಳನ್ನು ಎಳೆದೆವು. ಅವು ತಮ್ಮ ತಮ್ಮ ಜಾಗಕ್ಕೆ ಬಂದ ಮೇಲೆ ಅತ್ತೆ ಅವಳ ಊರು, ಮನೆ ವಿಚಾರಿಸುತ್ತಲೇ, ಗೂಡಿನ ಕಡೆ ತಿರುಗಿಯೂ ನೋಡದೆ ಉಪ್ಪು ತೆಗೆದು ಸಾರಿಗೆ ಹಾಕಿದರು. ಹುಡುಗಿಯ ಮುಖ ಅರಳಿತು.

ಅವಳು ಹೋಗಿ ಬಹಳ ದಿನವಾಯಿತು. ಆದರೆ ಬದನಗುಪ್ಪೆಯ ಕಾರ್ಖಾನೆಗೆ ಹೊರಡುವ ಗಡಿಬಿಡಿಯಲ್ಲಿ ನಾನು ಉಪ್ಪಿನ ಡಬ್ಬಿಯನ್ನು ಚೂರು ಆಚೀಚೆ ಇಟ್ಟರೂ ಈಗ ಬೈಗುಳ ಗ್ಯಾರಂಟಿ: “ಅಲ್ಲೇ ಮಡಗಮ್ಮಿ! ಕಾಲೇಜ್ನೋರು ಬರ್ಕಂಡೋಗವ್ರೆ.”